ಅಪ್‌ಡೇಟ್: ಆಮೆ ಜೊತೆ ಹೊಳೆ ಮೀನು, ನೀರು ಎಷ್ಟು ಬೆಚ್ಚಗಿರ್ಬೇಕು

ಪೇಂಟೆಡ್ ಅನ್ನೋ ಜಾತಿಯ ಆಮೆ ಇರೋ ಟ್ಯಾಂಕಲ್ಲಿ ಹೊಳೆ ಮೀನು ಬಿಟ್ರೆ ನೀರು ಎಷ್ಟು ಡಿಗ್ರಿ ಇಡ್ಬೇಕು ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟವ್ರಿಗೆಲ್ಲ ತುಂಬಾ ಥ್ಯಾಂಕ್ಸ್. ಈಗ ಹೀಟರ್ 24ಕ್ಕೆ ಇಟ್ಟಿದೀನಿ, ಬೆಳೆದ ಆಮೆಗೆ ಅಷ್ಟು ಸಾಕು, ಮರಿ ಆಗಿದ್ರೆ 26-27 ಬೇಕಾಗ್ತಿತ್ತು. ನೀರು 28ರ ಹತ್ರ ಇದ್ದಾಗ ಮೀನೆಲ್ಲ ಮೇಲ್ಗಡೆ ಬಂದು ಬಾಯಿ ಬಾಯಿ ಬಿಡ್ತಿದ್ವು, ನೀರು ಬಿಸಿ ಆದಷ್ಟೂ ಅದ್ರಲ್ಲಿ ಆಕ್ಸಿಜನ್ ಕಮ್ಮಿ ಕರಗುತ್ತೆ ಅದಕ್ಕೇ, ಈಗ ಏರ್ ಸ್ಟೋನ್ (ನೀರೊಳಗೆ ಗಾಳಿ ಗುಳ್ಳೆ ಬಿಡೋ ಕಲ್ಲು) ಕೂಡ ಹಾಕಿದೀನಿ, ತಳದಲ್ಲೇ ಆರಾಮಾಗಿ ಓಡಾಡ್ಕೊಂಡಿವೆ. ಆಮೆಗೆ ಜಾಸ್ತಿ ಬಿಸಿ ಬೇಕಂದ್ರೆ ಬಲ್ಬ್ ಕೆಳಗಿನ ಕಲ್ಲಿದೆ, ಅಲ್ಲಿ 32, ಹಿಂಗಾಲು ಚಾಚಿ ಕತ್ತು ಉದ್ದ ಮಾಡ್ಕೊಂಡು ಬಿದ್ದಿರುತ್ತೆ, ನೋಡೋಕೇ ಖುಷಿ. ಹೀಟರ್‌ಗೆ ಗಾರ್ಡ್ ಮಾತ್ರ ಹಾಕ್ಲೇಬೇಕು, ಆಮೆ ಗುದ್ದಿ ಹೀಟರ್ ಗ್ಲಾಸ್ ಒಡೆದ್ರೆ ಎಲ್ಲದರ ಜೀವಕ್ಕೂ ಅಪಾಯ.