ಮಲ್ಟಿಮೀಟರ್‌ನಲ್ಲಿ ಓಪನ್, ಮೈಕ್ರೋವೇವ್‌ಗೆ ಮಾತ್ರ ಗೋಡೆ: ನ್ಯಾನೋಟ್ಯೂಬ್ ಎಪಾಕ್ಸಿ ಕಂಡಕ್ಟರಾ, ಅಲ್ವಾ?

ಸುರತ್ಕಲ್ ಎಂಟೆಕ್:
ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟಿಗಾಗಿ ಎಪಾಕ್ಸಿ ರಾಳದಲ್ಲಿ ಮಲ್ಟಿವಾಲ್ ಕಾರ್ಬನ್ ನ್ಯಾನೋಟ್ಯೂಬ್ (ಒಂದರೊಳಗೊಂದು ಪದರಗಳಿರುವ ಕಾರ್ಬನ್ನಿನ ಅತಿ ಸಣ್ಣ ನಳಿಕೆ) ಬೆರೆಸಿ ಪ್ಲೇಟ್ ಮಾಡಿದ್ದೇನೆ. ತೂಕದಲ್ಲಿ ಶೇಕಡಾ 2, ದಪ್ಪ 3 ಮಿಲಿಮೀಟರ್. ಎಕ್ಸ್ ಬ್ಯಾಂಡ್ ವೇವ್‌ಗೈಡ್ (10 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆ) ಒಳಗೆ ಕೂರುವ ಹಾಗೆ 22.86 ಮತ್ತು 10.16 ಮಿಲಿಮೀಟರ್ ಅಳತೆಗೆ ಕತ್ತರಿಸಿದೆ. ಎರಡೂ ತುದಿಗೆ ಮಲ್ಟಿಮೀಟರ್ ಪ್ರೋಬ್ ಒತ್ತಿದರೆ ಓಎಲ್, ಅಂದರೆ ಓಪನ್, ಮೀಟರ್ ಅಳೆಯಲಾರದಷ್ಟು ರೆಸಿಸ್ಟೆನ್ಸ್. ಆದರೆ 10 ಗಿಗಾಹರ್ಟ್ಸ್‌ನಲ್ಲಿ ಎಸ್21 (ದಾಟಿ ಹೋದ ಸಿಗ್ನಲ್) ಮೈನಸ್ 19 ಡೆಸಿಬೆಲ್, ಎಸ್11 (ವಾಪಸ್ ಬಂದ ಸಿಗ್ನಲ್) ಮೈನಸ್ 3. ನೂರರಲ್ಲಿ ಒಂದು ಚಿಲ್ಲರೆ ಪಾಲು ಮಾತ್ರ ಆಚೆ ಹೋಗುತ್ತಿದೆ. ಸಾದಾ ಎಪಾಕ್ಸಿ ತುಂಡು ಇಟ್ಟರೆ ಸಿಗ್ನಲ್ ಸಲೀಸಾಗಿ ದಾಟುತ್ತದೆ. ಕ್ಯಾಲಿಬ್ರೇಷನ್ ಮತ್ತೆ ಮಾಡಿ ನೋಡಿದೆ, ಅದೇ ಕಥೆ. ಕರೆಂಟೇ ಹರಿಯದ ವಸ್ತು ಮೈಕ್ರೋವೇವನ್ನು ತಡೆಯುವುದು ಹೇಗೆ?

ಮಲ್ಪೆ ರಾಡಾರ್:
ಮಾರಾಯ್ರೆ, ನಾನು ಡಾಕ್ಟರೇಟ್ ಮಾಡಿದವನಲ್ಲ, ಬೋಟುಗಳ ರಾಡಾರ್ ರಿಪೇರಿ ಮಾಡುವವನು. ಆದರೆ ಈ ಕಾಯಿಲೆ ನನಗೆ ಗೊತ್ತುಂಟು. ಒಬ್ಬರು ಚಂದ ಕಾಣಲಿ ಅಂತ ಆಂಟೆನಾ ಮುಚ್ಚುವ ರಾಡೋಮ್‌ಗೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಬಳಿಸಿದ್ದರು. ಸ್ಕ್ರೀನಿನಲ್ಲಿ ದಡವೇ ಮಂಕು. ಪೇಂಟಿನ ಮೇಲೆ ಮೀಟರ್ ಇಟ್ಟರೆ ಓಪನ್! ಅಲ್ಯೂಮಿನಿಯಂ ಚೂರುಗಳ ಸುತ್ತ ವಾರ್ನಿಶ್ ಇರುತ್ತದಲ್ಲ, ಡಿಸಿ (ಒಂದೇ ದಿಕ್ಕಿನ ಕರೆಂಟ್) ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಆದರೆ ರಾಡಾರ್ 9.4 ಗಿಗಾಹರ್ಟ್ಸ್. ಅದಕ್ಕೆ ದಾರಿ ಪೂರ್ತಿ ಇರಬೇಕು ಅಂತಿಲ್ಲ.

ನಿಮ್ಮ ಪ್ಲೇಟಿನಲ್ಲೂ ಅಷ್ಟೇ. ಒಂದು ಟ್ಯೂಬಿಗೂ ಪಕ್ಕದ ಟ್ಯೂಬಿಗೂ ನಡುವೆ ಕೆಲವು ನ್ಯಾನೋಮೀಟರ್ ಎಪಾಕ್ಸಿ ಇರುತ್ತದೆ. ಆ ಸಂದು ಅಂದರೆ ಒಂದು ಪುಟಾಣಿ ಕೆಪಾಸಿಟರ್. ಸುಮ್ನೆ ಲೆಕ್ಕಕ್ಕೆ 1 ಫೆಮ್ಟೋಫ್ಯಾರಡ್ ಅಂತ ಹಿಡಿಯಿರಿ. 50 ಹರ್ಟ್ಸ್‌ಗೆ ಅದು 3 ಲಕ್ಷ ಕೋಟಿ ಓಮ್. 10 ಗಿಗಾಹರ್ಟ್ಸ್‌ಗೆ ಸುಮಾರು 16 ಸಾವಿರ ಓಮ್ ಮಾತ್ರ. ಸಂದು ಅಲ್ಲೇ ಇದೆ, ಅಡ್ಡಿ ಹೋಯಿತು.

10 ಗಿಗಾಹರ್ಟ್ಸ್‌ನಲ್ಲಿ 0.05 ನ್ಯಾನೋಸೆಕೆಂಡಿಗೊಮ್ಮೆ ದಿಕ್ಕು ಬದಲು. ಅಷ್ಟರಲ್ಲಿ ಎಲೆಕ್ಟ್ರಾನ್ ಪ್ಲೇಟಿನ ಆಚೆ ತುದಿಗೆ ಹೋಗಬೇಕಾಗಿಯೇ ಇಲ್ಲ. ನಮ್ಮ ಬಂದರಿನಲ್ಲಿ ಸಾಲಾಗಿ ಕಟ್ಟಿದ ಬೋಟುಗಳನ್ನು ನೋಡಿ. ಒಂದೂ ಜಾಗ ಬಿಟ್ಟು ಹೋಗುವುದಿಲ್ಲ, ಆದರೆ ಒಂದರ ಓಲಾಟ ಪಕ್ಕದ್ದಕ್ಕೆ ತಾಗುತ್ತಾ ಹೋಗುತ್ತದೆ. ಹಾಗೆ ಓಲಾಡುವಾಗ ಟ್ಯೂಬಿನ ರೆಸಿಸ್ಟೆನ್ಸಿನಲ್ಲಿ ಶಕ್ತಿ ಬಿಸಿಯಾಗಿ ಹೋಗುತ್ತದೆ.

ಮೀಟರನ್ನೂ ಪೂರ್ತಿ ನಂಬಬೇಡಿ. ಅಚ್ಚಿಗೆ ತಾಗಿದ ಮೈಯಲ್ಲಿ ಬರೀ ಎಪಾಕ್ಸಿಯ ತೆಳು ಪದರ ನಿಂತಿರುತ್ತದೆ, ಪ್ರೋಬ್ ಅದರ ಮೇಲೆ ಕೂತಿದೆ. ಎರಡು ತುದಿಯನ್ನೂ 400 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ, ಸಿಲ್ವರ್ ಪೇಂಟ್ ಹಚ್ಚಿ, ಒಣಗಿದ ಮೇಲೆ ಅಳೆಯಿರಿ.

ಕೊಣಾಜೆ ಗುಡ್ಡೆ:
ರಾಡಾರ್ ಅಣ್ಣ ಹೇಳಿದ್ದು ಸರಿ. ಪುಸ್ತಕದ ಮಾತು ಸ್ವಲ್ಪ ಸೇರಿಸುತ್ತೇನೆ. ಇಂಥ ಮಿಶ್ರಣಗಳಲ್ಲಿ ಕಂಡಕ್ಟಿವಿಟಿ (ಕರೆಂಟ್ ಹರಿಸುವ ಗುಣ) ಅಂದರೆ ಡಿಸಿ ಪಾಲು, ಅದರ ಮೇಲೆ ಫ್ರೀಕ್ವೆನ್ಸಿ ಜೊತೆ ಏರುವ ಇನ್ನೊಂದು ಪಾಲು. ಫ್ರೀಕ್ವೆನ್ಸಿಯ ಮೇಲಿನ ಘಾತ (ಎಕ್ಸ್‌ಪೊನೆಂಟ್) ಸಾಮಾನ್ಯವಾಗಿ 0 ಮತ್ತು 1ರ ನಡುವೆ. ತಾಮ್ರಕ್ಕೆ ಹಾಗಲ್ಲ. ಅದರಲ್ಲಿ 10 ಗಿಗಾಹರ್ಟ್ಸ್ ಕರೆಂಟ್ 0.66 ಮೈಕ್ರೋಮೀಟರ್ ಮೇಲ್ಪದರದಲ್ಲೇ ಓಡುವುದರಿಂದ ತಂತಿಯ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ನಿಮ್ಮ ಪ್ಲೇಟಿನಲ್ಲಿ ಅಲೆ ಮಿಲಿಮೀಟರ್‌ಗಟ್ಟಲೆ ಒಳಗೆ ಇಳಿಯುತ್ತದೆ.

ಒಂದೇ ಒಂದು ಸಿಂಗಲ್‌ವಾಲ್ ಟ್ಯೂಬಿನ ಲೆಕ್ಕ ಇಲ್ಲಿಗೆ ತರಬೇಡಿ. ಚಂದದ ವಿಷಯವೇ, ಆದರೆ ನಿಮ್ಮ ಪ್ಲೇಟಿನಲ್ಲಿ ಯಜಮಾನಿಕೆ ಸಂದುಗಳದ್ದು.

ಈ ಮಳೆಯಲ್ಲಿ ಎಪಾಕ್ಸಿ ತೇವ ಎಳೆಯುತ್ತದೆ, ನೀರೂ ಮೈಕ್ರೋವೇವ್ ನುಂಗುತ್ತದೆ. ಡೆಸಿಕೇಟರಿನಲ್ಲಿ (ತೇವ ಹೀರುವ ಪೆಟ್ಟಿಗೆ) ಇಟ್ಟು ತೆಗೆದು ಅಳೆಯಿರಿ. ತುಂಡಿನ ಅಗಲ ಮೈಗೂ ವೇವ್‌ಗೈಡ್ ಗೋಡೆಗೂ ನಡುವೆ ಕೂದಲೆಳೆ ಗಾಳಿ ಇದ್ದರೂ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ) ಲೆಕ್ಕ ಕಮ್ಮಿ ಬರುತ್ತದೆ, ನೆನಪಿರಲಿ.

ಸುರತ್ಕಲ್ ಎಂಟೆಕ್:
ಉಜ್ಜಿ, ಸಿಲ್ವರ್ ಪೇಂಟ್ ಹಚ್ಚಿ ನೋಡಿದೆ. ಓಎಲ್ ಹೋಗಿ 900 ಓಮ್ ಬಂತು! ಅಳತೆ ಹಾಕಿದರೆ ಡಿಸಿ ಕಂಡಕ್ಟಿವಿಟಿ ಮೀಟರಿಗೆ ಸುಮಾರು 0.8 ಸೀಮೆನ್ಸ್. ಒಣಗಿಸಿದ ಮೇಲೂ ಎಸ್21 ಹೆಚ್ಚುಕಮ್ಮಿ ಅಷ್ಟೇ. ಅದರಿಂದ ಪರ್ಮಿಟಿವಿಟಿಯ ಲಾಸ್ ಭಾಗ (ಶಕ್ತಿ ನುಂಗುವ ಪಾಲು) 25ರ ಹತ್ತಿರ ಬರುತ್ತದೆ, ಅಂದರೆ 10 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ 14 ಸೀಮೆನ್ಸ್ ಕಂಡಕ್ಟಿವಿಟಿ. ಎರಡಕ್ಕೂ ಇನ್ನೂ ಹದಿನೇಳು ಪಟ್ಟು ವ್ಯತ್ಯಾಸ ಉಂಟು. ಇದು ಸಂದುಗಳದ್ದೇ ಕೆಲಸ ಅನ್ನಬಹುದಾ? ಹಾಗಾದರೆ ಇದನ್ನು ಒಳ್ಳೆಯ ಅಬ್ಸಾರ್ಬರ್ (ಅಲೆ ನುಂಗುವ ವಸ್ತು) ಅಂತ ಬರೆಯಲಾ?

ಮಲ್ಪೆ ರಾಡಾರ್:
ಓಎಲ್ ಎಪಾಕ್ಸಿ ಪದರದ್ದು, ಹದಿನೇಳು ಪಟ್ಟು ಸಂದಿನದ್ದು. ಗಟ್ಟಿ ಮಾಡಬೇಕಾದರೆ ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಇಂಪಿಡೆನ್ಸ್ ಅನಲೈಸರಿನಲ್ಲಿ ಅದೇ ತುಂಡನ್ನು ಅಳೆಯಿರಿ. ಕಂಡಕ್ಟಿವಿಟಿ ಮೊದಲು ಸಪಾಟು, ಆಮೇಲೆ ಏರು ಕಂಡರೆ ನಿಮ್ಮ ಗೈಡ್ ಕೂಡ ಒಪ್ಪುತ್ತಾರೆ.

ಅಬ್ಸಾರ್ಬರ್ ಅನ್ನಬೇಡಿ ಮಾರಾಯ್ರೆ. ಎಸ್11 ಮೈನಸ್ 3 ಅಂದರೆ ಅರ್ಧ ಎದುರಿನಿಂದಲೇ ವಾಪಸ್. ಒಳಗೆ ಸತ್ತದ್ದು ಉಳಿದರ್ಧ. ಶೀಲ್ಡ್ (ಅಲೆ ತಡೆಯುವ ಗೋಡೆ) ಅಂತ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಅಬ್ಸಾರ್ಬರ್ ಬೇಕಾದರೆ ಟ್ಯೂಬ್ ಕಮ್ಮಿ ಹಾಕಿ, ಹಿಂದೆ ಲೋಹದ ತಗಡು ಇಟ್ಟು, ದಪ್ಪ ಬದಲಿಸಿ ಎಸ್11 ನೋಡಿ. ಮೈನಸ್ 10ಕ್ಕಿಂತ ಕೆಳಗೆ ಇಳಿದ ದಿನ ಇಲ್ಲಿ ಗ್ರಾಫ್ ಹಾಕಿ.