ಲೆಕ್ಕ, ವಿಜ್ಞಾನದ ಹೋಂವರ್ಕ್ ಸಂಶಯ: ಉತ್ತರ ಕೇಳಬೇಡಿ, ಸಿಕ್ಕಿಬಿದ್ದ ಜಾಗದ ಫೋಟೋ ಹಾಕಿ

ಟೀಚರ್: ಮಕ್ಕಳೇ, ಅಪ್ಪ ಅಮ್ಮಂದಿರೇ, ನಮಸ್ತೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲೆಕ್ಕ ಕಲಿಸಿ ನಿವೃತ್ತಿಯಾದವಳು ನಾನು. ವಿಜ್ಞಾನವೂ ಹೈಸ್ಕೂಲಿನ ಮಟ್ಟಿಗೆ ಹೇಳಿಕೊಡಬಲ್ಲೆ. ಇವತ್ತು ರಾತ್ರಿ ಒಂಬತ್ತರವರೆಗೆ ಇಲ್ಲೇ ಇರ್ತೇನೆ, ಕರೆಂಟ್ ಇದ್ದರೆ. ಒಂದೇ ಮಾತು. "ಪುಟ 34, ಮೂರನೇ ಲೆಕ್ಕದ ಉತ್ತರ ಕಳಿಸಿ" ಅಂದ್ರೆ ಕಳಿಸುವುದಿಲ್ಲ. ನೀವು ಮಾಡಿದ್ದನ್ನು ತಪ್ಪಿದ್ದರೂ ಹಾಗೇ ಫೋಟೋ ತೆಗೆದು ಹಾಕಿ. ಹೊಡೆದು ಹಾಕಿದ ಸಾಲು ಇದ್ದರಂತೂ ಇನ್ನೂ ಒಳ್ಳೆಯದು, ನನಗೆ ಬೇಕಾದ್ದು ಅದೇ. ಮತ್ತೆ, ನಾಳೆ ಮಳೆಗೆ ಕಲೆಕ್ಟರ್ ರಜೆ ಕೊಟ್ಟಿದ್ದಾರಾ ಅಂತ ಇಲ್ಲಿ ಕೇಳಬೇಡಿ. ನನಗೂ ನಿಮ್ಮ ಹಾಗೆ ಟೀವಿ ನೋಡಿಯೇ ಗೊತ್ತಾಗುವುದು.

ಪ್ರಶ್ನೆ (10ನೇ ತರಗತಿ, ಪೆರ್ಲ): ಟೀಚರ್, 5, 8, 11, 14... ಈ ಶ್ರೇಣಿಯಲ್ಲಿ 100 ಇದೆಯಾ ಅಂತ ಹೋಂವರ್ಕ್ ಕೊಟ್ಟಿದ್ದಾರೆ. ನಾನು ಮಾಡಿದಾಗ ಎನ್ ಅಂದ್ರೆ 32.66 ಬಂತು, ಅದನ್ನು 33 ಮಾಡಿ "ಇದೆ, 33ನೇ ಪದ" ಅಂತ ಬರೆದೆ. ಫ್ರೆಂಡ್ ಇಲ್ಲ ಅಂತ ಬರೆದಿದ್ದಾಳೆ. ಯಾರದ್ದು ಸರಿ?

ಟೀಚರ್: ಫೋಟೋ ನೋಡಿದೆ. 32.66ರವರೆಗೆ ನಿನ್ನದು ಪೂರಾ ಸರಿ. ಎಡವಿದ್ದು ಕೊನೆಯ ಸಾಲಲ್ಲಿ. ಎನ್ ಅಂದ್ರೆ ಎಷ್ಟನೇ ಪದ ಅಂತ ಅಲ್ವಾ? ತೋಟದಲ್ಲಿ ಅಡಿಕೆ ಸಸಿ ನೆಟ್ಟಿದ್ದಾರೆ ಅಂತ ಇಟ್ಟುಕೋ. ಮೊದಲ ಸಾಲಿಗೆ 5, ಆಮೇಲೆ ಪ್ರತಿ ಸಾಲಿಗೂ 3 ಜಾಸ್ತಿ. 32ನೇ ಸಾಲು ಇದೆ, 33ನೇ ಸಾಲು ಇದೆ, 32.66ನೇ ಸಾಲು ಅಂತ ಎಲ್ಲಿ ಹೋಗಿ ತೋರಿಸ್ತೀಯ? ಸರಿ, 33ನೇ ಸಾಲಲ್ಲಿ ಎಷ್ಟು ಸಸಿ ಅಂತ ನೋಡೋಣ: 5ಕ್ಕೆ 32 ಸಲ 3 ಕೂಡಿಸಿದರೆ 5 + 96, ಅಂದ್ರೆ 101. ಅದರ ಹಿಂದಿನ ಸಾಲಲ್ಲಿ 98. ನೂರು ನಡುವೆ ಬಿದ್ದು ಹೋಯ್ತು. ಹಾಗಾಗಿ ಇಲ್ಲ.

ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. 5, 8, 11, ಎಲ್ಲವನ್ನೂ 3ರಿಂದ ಭಾಗಿಸಿ ನೋಡು. ಪ್ರತಿ ಸಲವೂ ಶೇಷ 2 ಬರುತ್ತೆ. ಕೂಡಿಸುವುದು 3 ಆದ ಕಾರಣ ಶೇಷ ಬದಲಾಗಲು ಜಾಗವೇ ಇಲ್ಲ. ಈಗ 100ನ್ನು ಭಾಗಿಸು. ಶೇಷ 1. ಬೇರೆ ಮನೆಯ ಸಂಖ್ಯೆ ಅದು! ಎನ್ ಕಂಡುಹಿಡಿಯುವ ಕೆಲಸವೇ ಬೇಡ. ನಿನಗೆ ನನ್ನ ಹೋಂವರ್ಕ್: 1000 ಇದೆಯಾ? 2000 ಇದೆಯಾ? ಸೂತ್ರ ಮುಟ್ಟದೆ ಹೇಳು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಆಯ್ತು ಟೀಚರ್. ಇನ್ನೊಂದು, ಯೂಟ್ಯೂಬಲ್ಲಿ ಇದನ್ನು "ಸಮಾಂತರ ಶ್ರೇಢಿ" ಅಂತಾರೆ. ಅದು ಬೇರೆ ಪಾಠವಾ?

ಟೀಚರ್: ಬೇರೆ ಅಲ್ಲ, ಅದೇ. ನೀನು ನೋಡಿದ್ದು ಕರ್ನಾಟಕದ ಮಕ್ಕಳಿಗೆ ಮಾಡಿದ ವಿಡಿಯೋ. ಅವರಿಗೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ಅನುವಾದ, ನಮಗೆ ಕೇರಳ ಸರಕಾರದ ಎಸ್‌ಸಿಇಆರ್‌ಟಿ ಪುಸ್ತಕ. ಪಾಠದ ಕ್ರಮ ಬೇರೆ, ಲೆಕ್ಕ ಕೇಳುವ ರೀತಿ ಬೇರೆ, ಕೆಲವು ಶಬ್ದಗಳೂ ಬೇರೆ. ಅರ್ಥ ಮಾಡಿಕೊಳ್ಳಲು ಧಾರಾಳವಾಗಿ ನೋಡು, ಆದರೆ ಲೆಕ್ಕ ಮಾತ್ರ ನಮ್ಮ ಪುಸ್ತಕದ್ದೇ ಮಾಡು. ಪುಸ್ತಕ ಹರಿದು ಹೋಗಿದ್ದರೆ ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲ್‌ನಲ್ಲಿ ಕನ್ನಡ ಮಾಧ್ಯಮದ್ದು ಸಿಗುತ್ತೆ. 2020ರಲ್ಲಿ ಕೊರೋನಾ ಟೈಮಲ್ಲಿ ಫಸ್ಟ್ ಬೆಲ್ ಅಂತ ಕೇರಳ ಸರಕಾರದ ವಿಕ್ಟರ್ಸ್ ಶಿಕ್ಷಣ ಚಾನೆಲ್ಲಿನ ಕ್ಲಾಸ್ ಶುರುವಾಯ್ತಲ್ಲ, ಆಗ ಕನ್ನಡದಲ್ಲೂ ಮಾಡಿದ್ದರು. ಹುಡುಕಿದರೆ ಸಿಗುತ್ತೆ. ಈಗ ಪುಸ್ತಕ ಬದಲಾಗಿದೆ, ಪಾಠದ ಹೆಸರು ನೋಡಿಕೊಂಡು ಕೇಳು.

ಪ್ರಶ್ನೆ (ತಾಯಿ, ಬದಿಯಡ್ಕ): ಟೀಚರ್, ನನ್ನ ಮಗ ಎಂಟನೇ ಕ್ಲಾಸ್. ಪುಸ್ತಕದ ಫೋಟೋ ತೆಗೆದು ಫೋನಿಗೆ ಕೊಡ್ತಾನೆ, ಅದು ಉತ್ತರ ಪೂರ್ತಿ ಬರೆದು ತೋರಿಸುತ್ತೆ, ಇವನು ನೋಡಿ ಬರೀತಾನೆ. ಹತ್ತು ನಿಮಿಷದಲ್ಲಿ ಹೋಂವರ್ಕ್ ಮುಗೀತು ಅಂತ ಆಟಕ್ಕೆ ಹೋಗ್ತಾನೆ. ನಾನು ಓದಿದ್ದು ಏಳನೇವರೆಗೆ. ಸರಿಯಾ ತಪ್ಪಾ ಅಂತ ನನಗೆ ಗೊತ್ತಾಗೋದಿಲ್ಲ. ಬೈದರೆ "ನಿಮಗೆ ಗೊತ್ತಿಲ್ಲ ಅಮ್ಮ" ಅಂತಾನೆ.

ಟೀಚರ್: ಬೈಯಬೇಡಿ, ಪ್ರಯೋಜನ ಇಲ್ಲ. ನಿಮಗೆ ಲೆಕ್ಕ ಬರಬೇಕು ಅಂತಲೂ ಇಲ್ಲ. ಅವನು ಬರೆದ ಪುಟ ತೆಗೆದು ನಡುವಿನ ಯಾವುದಾದರೂ ಒಂದು ಸಂಖ್ಯೆ ಮೇಲೆ ಬೆರಳಿಟ್ಟು "ಈ 7 ಎಲ್ಲಿಂದ ಬಂತು ಮಗಾ?" ಅಂತ ಕೇಳಿ, ಅಷ್ಟೇ. ತಾನೇ ಮಾಡಿದ್ದರೆ ಮೇಲಿನ ಸಾಲು ತೋರಿಸ್ತಾನೆ. ನೋಡಿ ಬರೆದಿದ್ದರೆ ತಡವರಿಸ್ತಾನೆ, ಇಲ್ಲ ಸಿಟ್ಟು ಮಾಡ್ತಾನೆ. ಎರಡೂ ಒಂದೇ ಅರ್ಥ. ಎರಡನೆಯದು, ಲೆಕ್ಕದಲ್ಲಿರುವ ಒಂದು ಸಂಖ್ಯೆಯನ್ನು ನೀವೇ ಬದಲಾಯಿಸಿ. 12 ಇದ್ದರೆ 15 ಮಾಡಿ, ಫೋನ್ ನಿಮ್ಮ ಕೈಯಲ್ಲಿಟ್ಟುಕೊಂಡು ಮಾಡಲು ಹೇಳಿ. ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು.

ಫೋನೇ ಮುಟ್ಟಬಾರದು ಅಂತ ನಾನು ಹೇಳುವುದಿಲ್ಲ. ಮಾಡಿ ಮುಗಿಸಿದ ಮೇಲೆ ತಾಳೆ ನೋಡಲಿ. ಆದರೆ ಅದು ಎಷ್ಟೋ ಸಲ ಎಂಟನೇ ಕ್ಲಾಸಿನ ಲೆಕ್ಕಕ್ಕೆ ಹತ್ತನೇ ಕ್ಲಾಸಿನ ದಾರಿ ಹಿಡಿಯುತ್ತೆ, ಉತ್ತರ ಸರಿಯೇ ಇರುತ್ತೆ, ಹುಡುಗನ ತಲೆಗೆ ಮಾತ್ರ ಒಂದಕ್ಷರ ಹೋಗಿರುವುದಿಲ್ಲ. ಚಿತ್ರ ಇರುವ ಲೆಕ್ಕದಲ್ಲಿ ಉತ್ತರವೂ ತಪ್ಪುವುದನ್ನು ನಾನೇ ನೋಡಿದ್ದೇನೆ.

ತಾಯಿ: ಈಗಲೇ ಕೇಳಿದೆ ಟೀಚರ್. ಸಿಟ್ಟು ಬಂತು ಅವನಿಗೆ 😀

ಪ್ರಶ್ನೆ (9ನೇ ತರಗತಿ, ಮುಳ್ಳೇರಿಯ): ಟೀಚರ್, ನಮ್ಮ ಮನೆಗೆ ಸುರಂಗದ ನೀರು, ಅಂದ್ರೆ ಗುಡ್ಡೆಗೆ ಅಡ್ಡಕ್ಕೆ ಕೊರೆದ ಬಾವಿಯದ್ದು. ಗುಡ್ಡೆಯಿಂದ ಪೈಪಲ್ಲಿ ಬರುತ್ತೆ, ಪಂಪ್ ಇಲ್ಲ. ದ್ರವದ ಒತ್ತಡದ ಪಾಠದಲ್ಲಿ ನಿಮ್ಮ ಸುತ್ತಲಿನ ಒಂದು ಉದಾಹರಣೆ ಬರೆದು ಲೆಕ್ಕ ಹಾಕಿ ಅಂದಿದ್ದಾರೆ. ಪೈಪ್ 80 ಮೀಟರ್ ಉದ್ದ. ಸುರಂಗದ ಬಾಯಿಯ ಟ್ಯಾಂಕಿನ ನೀರು ನಮ್ಮ ನಲ್ಲಿಗಿಂತ 6 ಮೀಟರ್ ಮೇಲೆ. ಎತ್ತರದ ಜಾಗಕ್ಕೆ 80 ಹಾಕಬೇಕಾ, 6ಆ? ಟ್ಯಾಂಕ್ ದೊಡ್ಡದು ಮಾಡಿದರೆ ಒತ್ತಡ ಜಾಸ್ತಿ ಆಗುತ್ತೆ ಅಂತ ಅಣ್ಣ ಹೇಳ್ತಾನೆ.

ಟೀಚರ್: ಒಳ್ಳೆ ಉದಾಹರಣೆ ಹಿಡಿದಿದ್ದೀಯ. ಪುಸ್ತಕದ ಅಣೆಕಟ್ಟಿನ ಚಿತ್ರಕ್ಕಿಂತ ಇದೇ ವಾಸಿ. ಹಾಕಬೇಕಾದ್ದು 6. ಒತ್ತಡ ಅಂದ್ರೆ ಎತ್ತರ, ಸಾಂದ್ರತೆ, ಗುರುತ್ವದ ವೇಗೋತ್ಕರ್ಷ, ಈ ಮೂರರ ಗುಣಲಬ್ಧ. 6 × 1000 × 9.8, ಅಂದ್ರೆ 58,800 ಪಾಸ್ಕಲ್. ನಿಮ್ಮ ಟೀಚರ್ 10 ತೆಗೆದುಕೊಳ್ಳಲು ಹೇಳಿದ್ದರೆ 60,000 ಬರೆ. ಪೈಪ್ ಗುಡ್ಡೆ ಸುತ್ತಿ 80 ಮೀಟರ್ ಬರಲಿ, 200 ಮೀಟರ್ ಬರಲಿ, ನಲ್ಲಿ ಮುಚ್ಚಿರುವಾಗ ಅಲ್ಲಿನ ಒತ್ತಡಕ್ಕೆ ಲೆಕ್ಕ ನೇರ ಎತ್ತರದ್ದು ಮಾತ್ರ.

ನಲ್ಲಿ ಬಿಟ್ಟ ಕೂಡಲೇ ಕಥೆ ಬೇರೆ. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಬರುತ್ತಲ್ಲ, ಉದ್ದ ಜಾಸ್ತಿ ಆದಷ್ಟೂ, ಪೈಪ್ ಸಣ್ಣದಾದಷ್ಟೂ ಬಿರುಸು ಕಮ್ಮಿ. ಅದಕ್ಕೇ ಒಂದೇ ಎತ್ತರದ ಎರಡು ಮನೆಗಳಲ್ಲಿ ದೂರದ ಮನೆಯವರು "ನಮಗೆ ನೀರು ಸಣ್ಣಗೆ ಬರುತ್ತೆ" ಅಂತ ಜಗಳ ಮಾಡುವುದು. ಇದು ನಿನ್ನ ಪಾಠದಲ್ಲಿ ಇಲ್ಲ, ಬರೆಯುವುದು ಬೇಡ, ತಿಳಿದಿರಲಿ.

ಅಣ್ಣನಿಗೆ ಹೇಳು: ಟ್ಯಾಂಕ್ ಅಗಲ ಮಾಡಿದರೆ ನೀರು ಜಾಸ್ತಿ ಹೊತ್ತು ಬರುತ್ತೆ, ಒತ್ತಡ ಜಾಸ್ತಿ ಆಗುವುದಿಲ್ಲ. ಟ್ಯಾಂಕನ್ನು ಮೇಲಕ್ಕೆ ಏರಿಸಿದರೆ ಆಗುತ್ತೆ. ಆದರೆ ಸುರಂಗದ ಬಾಯಿಗಿಂತ ಮೇಲೆ ಇಟ್ಟರೆ ನೀರು ಟ್ಯಾಂಕಿಗೇ ಹತ್ತುವುದಿಲ್ಲ!

ಪ್ರಶ್ನೆ (10ನೇ ತರಗತಿ, ಕುಂಬಳೆ): ಫಿಸಿಕ್ಸ್. 40 ವ್ಯಾಟ್, 100 ವ್ಯಾಟ್ ಬಲ್ಬ್ ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಉರಿಯುತ್ತೆ? 100 ಅಂತ ಬರೆದೆ, ತಪ್ಪು ಹಾಕಿದ್ದಾರೆ. ಯಾಕೆ ಅಂತ ಹೇಳಲಿಲ್ಲ.

ಟೀಚರ್: ತುಂಬ ಜನ ಬೀಳುವ ಗುಂಡಿ ಇದು. ಬಲ್ಬಿನ ಮೇಲೆ ಬರೆದ ವ್ಯಾಟ್ 230 ವೋಲ್ಟ್ ಪೂರ್ತಿ ಸಿಕ್ಕಿದಾಗಿನದ್ದು. ಸರಣಿಯಲ್ಲಿ ಇಬ್ಬರೂ ವೋಲ್ಟ್ ಹಂಚಿಕೊಳ್ತಾರೆ. ಮೊದಲು ರೋಧ ಕಂಡುಹಿಡಿ, ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸು. 52,900ನ್ನು 40ರಿಂದ ಭಾಗಿಸಿದರೆ 1322.5 ಓಮ್, 100ರಿಂದ ಭಾಗಿಸಿದರೆ 529 ಓಮ್. ಸರಣಿಯಲ್ಲಿ ಕರೆಂಟ್ ಇಬ್ಬರಿಗೂ ಒಂದೇ, ಹಾಗಾಗಿ ರೋಧ ಜಾಸ್ತಿ ಇದ್ದವನಿಗೆ ಪವರ್ ಜಾಸ್ತಿ. ಲೆಕ್ಕ ಹಾಕಿದರೆ 40ರ ಬಲ್ಬಿಗೆ ಸುಮಾರು 20 ವ್ಯಾಟ್, 100ರದ್ದಕ್ಕೆ ಸುಮಾರು 8 ವ್ಯಾಟ್. ನಿಜವಾದ ಬಲ್ಬಲ್ಲಿ ತಂತಿ ಬಿಸಿಯಾದಂತೆ ರೋಧ ಬದಲಾಗುವ ಕಾರಣ ಸಂಖ್ಯೆ ಆಚೀಚೆ ಆಗುತ್ತೆ, ಗೆಲ್ಲುವವನು ಮಾತ್ರ ಬದಲಾಗುವುದಿಲ್ಲ. ಇದು ಹಳೇ ತಂತಿ ಬಲ್ಬಿನ ಲೆಕ್ಕ, ಎಲ್‌ಇಡಿಗೆ ಹೊಂದುವುದಿಲ್ಲ. ಮನೆಯ ಪ್ಲಗ್ಗಿನಲ್ಲಿ ಪ್ರಯೋಗ ಮಾಡಿ ನೋಡ್ತೇನೆ ಅಂತ ಹೊರಡಬೇಡ ಮಾರಾಯಾ.

ಪ್ರಶ್ನೆ (9ನೇ ತರಗತಿ): ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣ ಸರಿದೂಗಿಸಲು ಎಚ್ ಟು ಒ ಇದ್ದದ್ದನ್ನು ಎಚ್ ಟು ಒ ಟು ಮಾಡಿದೆ. ಎರಡೂ ಬದಿ ಸರಿ ಬಂತು. ಆದರೂ ತಪ್ಪಂತೆ.

ಟೀಚರ್: ಎಣಿಕೆ ಸರಿ, ಆದರೆ ನೀರೇ ಮಾಯವಾಯ್ತು. ಎಚ್ ಟು ಒ ಟು ಅಂದ್ರೆ ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದಾಗ ನೊರೆ ಬರುವ ಮದ್ದು. ಕೆಳಗಿನ ಚಿಕ್ಕ ಅಂಕೆ ಮುಟ್ಟಬಾರದು, ಎದುರಿಗೆ ಎಷ್ಟು ಬೇಕಾದರೂ ಹಾಕು. ನೀರಿನ ಎದುರು 2 ಹಾಕಿ ಹೈಡ್ರೋಜನ್ ಎಣಿಸು, ಮುಂದಿನದ್ದು ನಿನಗೇ ಗೊತ್ತಾಗುತ್ತೆ.

ಪ್ರಶ್ನೆ (8ನೇ ತರಗತಿ): ಟೀಚರ್, ನಮ್ಮ ಶಾಲೆಯ ಹೆಸರು ಹೇಳೋದಿಲ್ಲ. ಲೆಕ್ಕಕ್ಕೆ ಹೊಸ ಟೀಚರ್ ಬಂದಿದ್ದಾರೆ, ಕನ್ನಡ ಬರೋದಿಲ್ಲ, ಮಲಯಾಳದಲ್ಲೇ ಹೇಳ್ತಾರೆ. ನಮ್ಮ ಮನೆಯಲ್ಲಿ ತುಳು. ನಿನ್ನೆ ಉದ್ದ 12, ಅಗಲ 8 ಇರುವ "ಚತುರಂ" ಅಂದ್ರು. ನಾನು ಚೌಕ ಅಂದ್ಕೊಂಡು 12 × 12 ಮಾಡಿದೆ.

ಟೀಚರ್: ನಿನ್ನ ತಪ್ಪಲ್ಲ ಇದು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದವರನ್ನು ಹಾಕುವುದರ ಬಗ್ಗೆ ದೊಡ್ಡವರು ಹೋರಾಟ ಮಾಡುತ್ತಲೇ ಇದ್ದಾರೆ, ಮಾಡಲೇಬೇಕು. ಆದರೆ ಓಣಂ ಹೊತ್ತಿನ ಮೊದಲ ಟರ್ಮ್ ಪರೀಕ್ಷೆ ಅಲ್ಲಿವರೆಗೆ ಕಾಯುವುದಿಲ್ಲ. ಹಾಗಾಗಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇದನ್ನು ಬರೆದುಕೋ. ಮಲಯಾಳದ ಚತುರಂ ಅಂದ್ರೆ ನಮ್ಮ ಆಯತ. ಸಮಚತುರಂ ಅಂದ್ರೆ ಚೌಕ. ಚದರ ಅಡಿ ಅಂತ ಕೇಳಿ ಕೇಳಿ ಅಭ್ಯಾಸ ಆದ ಕಿವಿಗೆ ಚತುರಂ ಅಂದ ಕೂಡಲೇ ಚೌಕ ಅನ್ನಿಸುವುದು ಸಹಜ. ಚುಟ್ಟಳವ್ ಅಂದ್ರೆ ಸುತ್ತಳತೆ, ಬಾಯಲ್ಲಿ ಹೇಳಿ ನೋಡು, ಅಕ್ಕ ತಂಗಿಯರ ಹಾಗಿವೆ. ಪರಪ್ಪಳವ್ ವಿಸ್ತೀರ್ಣ. ಆರಂ ಅಂದ್ರೆ ತ್ರಿಜ್ಯ. ಶಿಷ್ಟಂ ಅಂದ್ರೆ ಶೇಷ. ವೃತ್ತ, ವ್ಯಾಸ ಎರಡಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಗೊತ್ತಾಗದ ಶಬ್ದ ಬಂದರೆ "ಚಿತ್ರ ಬಿಡಿಸಿ ತೋರಿಸಿ ಟೀಚರ್" ಅಂತ ಕೇಳು, ಚಿತ್ರಕ್ಕೆ ಭಾಷೆ ಬೇಡ. ಅವರೂ ಪಾಪ, ಹೇಗಪ್ಪಾ ಅಂತ ಒದ್ದಾಡ್ತಾ ಇರ್ತಾರೆ.

ಇನ್ನೊಬ್ಬ ತಂದೆ: ಹತ್ತನೇ ಆದ ಮೇಲೆ ಪ್ಲಸ್ ವನ್ ಸಯನ್ಸಿಗೆ ಹೋದರೆ ಎಲ್ಲ ಇಂಗ್ಲಿಷ್ ಅಲ್ವಾ ಟೀಚರ್? ಅದಕ್ಕೇ ಹೆದರಿಕೆ.

ಟೀಚರ್: ಹೌದು. ಅದಕ್ಕೂ ಇದೇ ಉಪಾಯ, ಆ ಶಬ್ದಗಳ ಪುಟಕ್ಕೆ ಇಂಗ್ಲಿಷಿನ ಮೂರನೇ ಕಾಲಂ. ಜಡತ್ವ ಇನರ್ಷಿಯಾ, ಸಂವೇಗ ಮೊಮೆಂಟಮ್, ವೇಗೋತ್ಕರ್ಷ ಆಕ್ಸಿಲರೇಷನ್. ದಿನಕ್ಕೆ ಮೂರು ಶಬ್ದ, ಒಂಬತ್ತನೇ ಕ್ಲಾಸಿಂದ ಶುರು ಮಾಡಿದರೆ ಸಾಕು.

ಪ್ರಶ್ನೆ (10ನೇ ತರಗತಿ, ಆದೂರು): ಟೀಚರ್, ನೆರಳು ಅಳೆದು ಮರದ ಎತ್ತರ ಕಂಡುಹಿಡಿಯುವ ಚಟುವಟಿಕೆ. 1 ಮೀಟರ್ ಕೋಲಿನ ನೆರಳು 50 ಸೆಂಟಿಮೀಟರ್, ಅಡಿಕೆ ಮರದ ನೆರಳು 13 ಮೀಟರ್. ಎತ್ತರ 26 ಮೀಟರ್ ಬಂತು. ಅಪ್ಪ ನಗ್ತಾರೆ.

ಟೀಚರ್: ಅಪ್ಪ ನಗುವುದು ನ್ಯಾಯವೇ. ಗುಣಾಕಾರದಲ್ಲಿ ತಪ್ಪಿಲ್ಲ. ಕೋಲು ಎಲ್ಲಿ ನೆಟ್ಟೆ, ಮರದ ನೆರಳು ಎಲ್ಲಿ ಬಿದ್ದಿತ್ತು?

ಅದೇ ವಿದ್ಯಾರ್ಥಿ: ಕೋಲು ಅಂಗಳದಲ್ಲಿ. ನೆರಳು ತೋಟದ ಕೆಳಗಿನ ಬದಿಗೆ, ಇಳಿಜಾರಲ್ಲಿ.

ಟೀಚರ್: ಅಲ್ಲೇ ಇದೆ ನೋಡು. ಇಳಿಜಾರಲ್ಲಿ ಕೆಳಕ್ಕೆ ಬಿದ್ದ ನೆರಳು ಉದ್ದ ಆಗುತ್ತೆ, ಮೇಲಕ್ಕೆ ಬಿದ್ದದ್ದು ಗಿಡ್ಡ ಆಗುತ್ತೆ. ಎರಡು ತ್ರಿಕೋನ ಸಮರೂಪ ಆಗಬೇಕಾದರೆ ಎರಡರ ನೆಲವೂ ಒಂದೇ ಥರ ಇರಬೇಕು. ಪುಸ್ತಕದವರು ಸಮತಟ್ಟು ನೆಲ ಅಂತ ಸುಮ್ನೆ ಇಟ್ಟುಕೊಂಡಿರ್ತಾರೆ, ನಮ್ಮ ಕಡೆ ಅಂಗಳ ಬಿಟ್ಟರೆ ಸಮತಟ್ಟು ಎಲ್ಲಿದೆ? ಅಂಗಳದ ಅಂಚಿನಲ್ಲಿರುವ ಮರ ಹುಡುಕು, ನೆರಳು ಪೂರ್ತಿ ಅಂಗಳದಲ್ಲೇ ಬೀಳುವ ಹೊತ್ತು ನೋಡಿ ಕೋಲು, ಮರ ಎರಡನ್ನೂ ಆಗಲೇ ಅಳೆ. ಹತ್ತು ನಿಮಿಷ ಬಿಟ್ಟು ಅಳೆದರೆ ಸೂರ್ಯ ಕಾಯುವುದಿಲ್ಲ. ಮತ್ತೆ ಅಪ್ಪನ ಹತ್ತಿರ ಅಡಿಕೆ ಗೊನೆ ಕೊಯ್ಯುವ ಕೋಲು, ಅದೇ ದೋಟಿ, ಎಷ್ಟು ಉದ್ದ ಅಂತ ಕೇಳಿ ತಾಳೆ ನೋಡು.

ಅದೇ ವಿದ್ಯಾರ್ಥಿ (ಮರುದಿನ): ಟೀಚರ್, ಅಂಗಳದ ಮರ ಅಳೆದೆ. ಕೋಲಿನ ನೆರಳು 60 ಸೆಂಟಿಮೀಟರ್, ಮರದ್ದು 11.4 ಮೀಟರ್. 19 ಮೀಟರ್ ಬಂತು. ಅಪ್ಪ ಹೇಳಿದ್ದು ದೋಟಿ 60 ಅಡಿ, ಗೊನೆಗೆ ಸರೀ ತಾಗುತ್ತೆ ಅಂತ. ಅದು 18.3 ಮೀಟರ್ ಆಗುತ್ತೆ. 70 ಸೆಂಟಿಮೀಟರ್ ವ್ಯತ್ಯಾಸ ಯಾಕೆ?

ಟೀಚರ್: ದೋಟಿ ತಾಗಿದ್ದು ಗೊನೆಗೆ. ನೀನು ಅಳೆದದ್ದು ಸೋಗೆಯ ತುದಿಯ ನೆರಳನ್ನು. ದೋಟಿ ಹಿಡಿದ ಅಪ್ಪನ ಕೈ ನೆಲದಿಂದ ಎಷ್ಟು ಮೇಲೆ ಅಂತಲೂ ಕೇಳಿಕೊಂಡು ಬರೆ, ಹಾಗೇ ಸಬ್‌ಮಿಟ್ ಮಾಡು.

ಪೆರ್ಲದ ವಿದ್ಯಾರ್ಥಿನಿ: ಟೀಚರ್, 1000 ಇಲ್ಲ, ಶೇಷ 1. 2000 ಇದೆ, ಶೇಷ 2. ಫ್ರೆಂಡಿಗೂ ಹೇಳಿದೆ. ಅವಳು ಇಲ್ಲ ಅಂತ ಬರೆದದ್ದು ಸುಮ್ನೆ ಅಂದಾಜಿಗಂತೆ!