ಎಲ್‌ಎಲ್ (ಲರ್ನರ್ ಲೈಸೆನ್ಸ್) ಟೆಸ್ಟ್: ಚಿಹ್ನೆಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ಹೇಗೆ ಓದಬೇಕು? (ದಾವಣಗೆರೆ)

ಜಗಳೂರು ಕಡೆಯವ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಎಲ್‌ಎಲ್ ಟೆಸ್ಟ್ ಇದೆ, ಬೈಕು ಮತ್ತು ಕಾರು ಎರಡಕ್ಕೂ. ಕನ್ನಡದ ಪ್ರಶ್ನೆಪಟ್ಟಿ ಇಳಿಸಿಕೊಂಡು ಎರಡು ಸಲ ಓದಿದ್ದಾಯ್ತು. ಆದರೂ ಅಣಕು ಟೆಸ್ಟಿನಲ್ಲಿ 15ಕ್ಕೆ 7, 8ರ ಮೇಲೆ ಏರುತ್ತಿಲ್ಲ. ಚಿಹ್ನೆಗಳೆಲ್ಲ ಒಂದೇ ಥರ ಕಾಣುತ್ತವೆ. ಕೈ ಸನ್ನೆ ಅಂತೂ ಪೂರ್ತಿ ಗೊಂದಲ. ಇನ್ನು "ನೀವು ಏನು ಮಾಡಬೇಕು" ಅನ್ನುವ ಪ್ರಶ್ನೆಗಳಲ್ಲಿ ಮೂರು ಉತ್ತರವೂ ಸರಿ ಅನ್ನಿಸುತ್ತೆ. ಒಂದು ವಾರದಲ್ಲಿ ಓದಿ ಮುಗಿಸೋಕೆ ದಾರಿ ಹೇಳಿ. ಆನ್‌ಲೈನ್‌ನಲ್ಲಿ ಬರೆಯೋದು ಒಳ್ಳೇದಾ, ಆರ್‌ಟಿಒ ಆಫೀಸಿಗೆ ಹೋಗಿ ಬರೆಯೋದು ಒಳ್ಳೇದಾ ಅದನ್ನೂ ತಿಳಿಸಿ.

ಪಿಬಿ ರಸ್ತೆ

ಮೊದಲು ಲೆಕ್ಕ ತಿಳ್ಕೊಳ್ರಿ. ಪಾಸಾಗೋಕೆ ಶೇಕಡಾ 60 ಸರಿ ಇರಬೇಕು. ಅಂದರೆ 15 ಪ್ರಶ್ನೆಗೆ 9. ನೀವು ನಿಂತಿರುವುದು ಗಡಿಗೆ ಒಂದೆರಡು ಮಾರ್ಕಿನ ಹಿಂದೆ ಅಷ್ಟೆ, ಹೆದರುವಂಥದ್ದೇನೂ ಇಲ್ಲ. ಪಟ್ಟಿಯನ್ನು ಮೂರನೇ ಸಲ ಮೊದಲಿನಿಂದ ಓದಬೇಡಿ. ಹಾಗೆ ಓದಿದರೆ "ಈ ಪ್ರಶ್ನೆಗೆ ಎರಡನೇ ಉತ್ತರ" ಅಂತ ಜಾಗ ನೆನಪಿರುತ್ತೆ, ವಿಷಯ ನೆನಪಿರಲ್ಲ. ಟೆಸ್ಟಿನಲ್ಲಿ ಉತ್ತರಗಳ ಕ್ರಮ ಬದಲಾದ ಕೂಡಲೇ ಎಲ್ಲ ಕಲಸಿಹೋಗುತ್ತೆ.

ಚಿಹ್ನೆ ನೋಡುವಾಗ ಒಳಗಿನ ಚಿತ್ರ ಆಮೇಲೆ. ಮೊದಲು ಆಕಾರ, ಅದಾದ ಮೇಲೆ ಬಣ್ಣ, ಕೊನೆಗೆ ಚಿತ್ರ. ತ್ರಿಕೋನ ಇದ್ದರೆ ಎಚ್ಚರಿಕೆ: ಮುಂದೆ ಇಂಥದ್ದು ಬರುತ್ತೆ, ಹುಷಾರು. ದುಂಡಗಿದ್ದರೆ ಆಜ್ಞೆ, ಮೀರಿದರೆ ಅಪರಾಧ. ಚೌಕ ಅಥವಾ ಆಯತ ಇದ್ದರೆ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್ ಜಾಗ. ದುಂಡಗಿನದರಲ್ಲಿ ಮತ್ತೆ ಎರಡು ಜಾತಿ. ಕೆಂಪು ಬಳೆ ಇದ್ದರೆ "ಮಾಡಬೇಡ" ಅಥವಾ "ಇದಕ್ಕಿಂತ ಮೀರಬೇಡ". ಪೂರ್ತಿ ನೀಲಿ ಇದ್ದು ಬಿಳಿ ಚಿತ್ರ ಇದ್ದರೆ "ಇದನ್ನೇ ಮಾಡು".

ಸೈಕಲ್ ಚಿತ್ರ ಒಂದನ್ನೇ ತಗೊಳ್ಳಿ. ತ್ರಿಕೋನದೊಳಗೆ ಸೈಕಲ್ ಇದ್ದರೆ ಮುಂದೆ ಸೈಕಲ್‌ನವರು ರಸ್ತೆ ದಾಟುವ ಜಾಗ ಇದೆ ಅಂತ. ಕೆಂಪು ಬಳೆಯೊಳಗೆ ಸೈಕಲ್ ಇದ್ದು ಗೆರೆ ಎಳೆದಿದ್ದರೆ ಸೈಕಲ್ ನಿಷೇಧ. ನೀಲಿ ದುಂಡಿನಲ್ಲಿ ಸೈಕಲ್ ಇದ್ದರೆ ಅದು ಸೈಕಲ್‌ಗೇ ಮೀಸಲಾದ ದಾರಿ. ಚಿತ್ರ ಒಂದು, ಅರ್ಥ ಮೂರು. ಹಾರ್ನ್, ಪಾದಚಾರಿ, ಎಡಕ್ಕೆ ಬಾಗಿದ ಬಾಣ ಇವನ್ನೂ ಹೀಗೇ ಜೊತೆ ಜೊತೆಯಾಗಿ ಬಿಳಿ ಹಾಳೆ ಮೇಲೆ ನೀವೇ ಬರೆದು ನೋಡಿ. ಕೈಯಲ್ಲಿ ಬರೆದದ್ದು ಮರೆಯಲ್ಲ.

ಈ ನಿಯಮಕ್ಕೆ ಹೊರತಾದವು ಎರಡಿವೆ. ಎಂಟು ಮೂಲೆಯ ಕೆಂಪು ಫಲಕ "ನಿಲ್ಲಿ". ತಲೆಕೆಳಗಾದ ತ್ರಿಕೋನ "ದಾರಿ ಬಿಡಿ". ಎರಡನೆಯದನ್ನು ತ್ರಿಕೋನ ಅಂತ ಎಚ್ಚರಿಕೆ ಗುಂಪಿಗೆ ಸೇರಿಸಬೇಡಿ, ಅದು ಆಜ್ಞೆ. ಬೇರೆ ಆಕಾರ ಕೊಟ್ಟಿರುವುದಕ್ಕೂ ಕಾರಣ ಇದೆ: ಧೂಳು ಮುಚ್ಚಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗಬೇಕು.

ಹೆಚ್ಚು ಜನ ಎಡವುವುದು ಈ ಜೋಡಿಗಳಲ್ಲಿ:

ನೀಲಿ ದುಂಡಿನ ಮೇಲೆ ಕೆಂಪು ಗೆರೆ ಒಂದೇ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಅಡ್ಡಡ್ಡ ಹಾಯ್ದಿದ್ದರೆ ನಿಲ್ಲಿಸುವಂತೆಯೇ ಇಲ್ಲ, ಹಿಂದೆ ಕೂತವರನ್ನು ಇಳಿಸೋಕೂ ಇಲ್ಲ.

ತ್ರಿಕೋನದಲ್ಲಿ ಬೇಲಿಯಂಥ ಗೇಟಿನ ಚಿತ್ರ ಇದ್ದರೆ ಕಾವಲಿರುವ ರೈಲ್ವೆ ಗೇಟು. ರೈಲು ಇಂಜಿನ್ ಚಿತ್ರ ಇದ್ದರೆ ಕಾವಲಿಲ್ಲದ್ದು. ಇದನ್ನು ಉಲ್ಟಾ ಹೇಳುವವರೇ ಜಾಸ್ತಿ. ಗೇಟು ಇದ್ದಲ್ಲಿ ಗೇಟನ್ನೇ ತೋರಿಸುತ್ತಾರೆ. ಗೇಟೇ ಇಲ್ಲದಲ್ಲಿ ಎದುರಾಗುವುದು ರೈಲು ಅಂತ ನೆನಪಿಟ್ಟುಕೊಳ್ಳಿ. ಜೊತೆಗಿನ ಫಲಕದಲ್ಲಿ ಎರಡು ಕೆಂಪು ಪಟ್ಟೆ ಇದ್ದರೆ ಗೇಟು ಸುಮಾರು 200 ಮೀಟರ್ ದೂರ, ಒಂದೇ ಪಟ್ಟೆ ಇದ್ದರೆ 50ರಿಂದ 100 ಮೀಟರ್.

ಬಳೆಯೊಳಗೆ ಮೇಲೆ ಕೆಳಗೆ ಬಾಣದ ಮೊನೆ ಇದ್ದರೆ ಎತ್ತರದ ಮಿತಿ, ಎಡಬಲಕ್ಕಿದ್ದರೆ ಅಗಲದ ಮಿತಿ. ಬಿಳಿ ದುಂಡಿನ ಮೇಲೆ ಓರೆಯಾಗಿ ಕಪ್ಪು ಗೆರೆ ಇದ್ದರೆ ಹಿಂದೆ ಹಾಕಿದ್ದ ನಿರ್ಬಂಧ ಅಲ್ಲಿಗೆ ಮುಗಿಯಿತು ಅಂತ.

ದುರ್ಗದ ಗೇರ್ ಮೇಷ್ಟ್ರು

ಚಿಹ್ನೆ ಬಗ್ಗೆ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು "ಏನು ಮಾಡಬೇಕು" ಪ್ರಶ್ನೆಗಳಿಗೆ ಬರ್ತೀನಿ. ಗಾಡಿ ಓಡಿಸಿ ಅಭ್ಯಾಸ ಇರುವವರೇ ಇಲ್ಲಿ ಹೆಚ್ಚು ಫೇಲಾಗುವುದು. ಕಾರಣ ಇಷ್ಟೇ: ರಸ್ತೆಯಲ್ಲಿ ದಿನಾ ಕಂಡದ್ದನ್ನು ಉತ್ತರ ಅಂತ ಒತ್ತುತ್ತಾರೆ.

ಒಂದು ಉದಾಹರಣೆ. "ಕಿರಿದಾದ ಸೇತುವೆ ಸಮೀಪಿಸುತ್ತಿದ್ದೀರಿ, ಎದುರಿನಿಂದ ಇನ್ನೊಂದು ವಾಹನ ಸೇತುವೆ ಪ್ರವೇಶಿಸುತ್ತಿದೆ. ಏನು ಮಾಡುವಿರಿ?" ಉತ್ತರಗಳಲ್ಲಿ "ವೇಗ ಹೆಚ್ಚಿಸಿ ಬೇಗ ದಾಟುವುದು", "ಹೆಡ್‌ಲೈಟ್ ಹಾಕಿ ದಾಟುವುದು", "ಎದುರಿನ ವಾಹನ ದಾಟುವವರೆಗೆ ಕಾಯುವುದು" ಇರುತ್ತವೆ. ನಮ್ಮ ಕಡೆ ಡಿಪ್ಪರ್ ಹೊಡೆದರೆ "ನಾನು ಮೊದಲು ಬರ್ತೀನಿ" ಅಂತ ಅರ್ಥ ಆಗಿಹೋಗಿದೆ, ಹಾಗಾಗಿ ಎರಡನೆಯದನ್ನು ಒತ್ತಿಬಿಡುತ್ತಾರೆ. ಸರಿಯಾದದ್ದು ಮೂರನೆಯದು. ಲೈಟು ಹಾಕಿದ ಮಾತ್ರಕ್ಕೆ ಯಾರಿಗೂ ಹಕ್ಕು ಬರಲ್ಲ.

ಹೈವೇ ಸರ್ವಿಸ್ ರಸ್ತೆಯಲ್ಲಿ ಅಂಡರ್‌ಪಾಸ್ ಹತ್ತಿರ ಅಂತ ರಾಂಗ್ ಸೈಡಿನಲ್ಲಿ ಬರುವುದೂ ಹಾಗೇ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ, ಸುತ್ತು ಹಾಕಿ ಬಲಕ್ಕೆ ಬರುವುದು ರೂಢಿಯಾಗಿರುತ್ತೆ. ಇದ್ಯಾವುದೂ ಪ್ರಶ್ನೆಗೆ ಉತ್ತರ ಅಲ್ಲ. ಎರಡು ಉತ್ತರದ ನಡುವೆ ಮನಸ್ಸು ತೂಗಿದಾಗ ವೇಗ ಇಳಿಸುವ, ನಿಲ್ಲಿಸುವ, ಇನ್ನೊಬ್ಬರಿಗೆ ದಾರಿ ಬಿಡುವ ಉತ್ತರವನ್ನೇ ಆರಿಸಿ. ಬಹುತೇಕ ಪ್ರಶ್ನೆಗಳಲ್ಲಿ ಸರಿ ಹೋಗುತ್ತೆ, ಯಾಕಂದ್ರೆ ಕಾನೂನಿನ ಮನಸ್ಸೇ ಅದು.

ಯಾರಿಗೆ ಮೊದಲ ದಾರಿ ಅನ್ನೋದನ್ನು ಬಿಡಿಸಿ ಹೇಳ್ತೀನಿ. ಸಿಗ್ನಲ್ಲೂ ಪೊಲೀಸೂ ಇಲ್ಲದ ಕೂಡು ರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವ ವಾಹನಕ್ಕೆ. ಸಣ್ಣ ರಸ್ತೆಯಿಂದ ಮುಖ್ಯ ರಸ್ತೆಗೆ ಬರುತ್ತಿದ್ದರೆ ಮುಖ್ಯ ರಸ್ತೆಯಲ್ಲಿ ಹೋಗುವವರಿಗೆ. ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವವರಿಗೆ. ಏರು ರಸ್ತೆಯಲ್ಲಿ ಎದುರುಬದುರಾದರೆ ಏರುತ್ತಿರುವವರಿಗೆ. ಏರಿನಲ್ಲಿ ನಿಂತ ಲೋಡ್ ಗಾಡಿ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ. ಆಂಬುಲೆನ್ಸು, ಅಗ್ನಿಶಾಮಕ ವಾಹನ ಬಂದರೆ ಯಾವ ರಸ್ತೆಯಾದರೂ ಪಕ್ಕಕ್ಕೆ ಸರಿಯಬೇಕು. ಬಿಡದಿದ್ದರೆ 10,000 ರೂಪಾಯಿವರೆಗೆ ದಂಡ ಇದೆ.

ಓವರ್‌ಟೇಕ್‌ಗೆ ಪ್ರಶ್ನೆಪಟ್ಟಿಯಲ್ಲಿ "ಹಿಂದಿಕ್ಕುವುದು" ಅಂತ ಬರೆದಿರುತ್ತೆ. ಬಲಗಡೆಯಿಂದಲೇ ಹೋಗಬೇಕು. ಎಡಗಡೆಯಿಂದ ಹೋಗಬಹುದಾದ್ದು ಮುಂದಿನವರು ಬಲಕ್ಕೆ ತಿರುಗುವ ಸನ್ನೆ ಕೊಟ್ಟು ರಸ್ತೆ ನಡುವಿಗೆ ಸರಿದಿದ್ದಾಗ. ತಿರುವಿನಲ್ಲಿ, ಸೇತುವೆ ಮೇಲೆ, ಮುಂದಿನ ರಸ್ತೆ ಕಾಣದ ಕಡೆ ಹಿಂದಿಕ್ಕುವಂತಿಲ್ಲ.

ಹೊಳಲ್ಕೆರೆ ಅಕ್ಕ

ತಮ್ಮಾ, ಕೈ ಸನ್ನೆ ಓದಿ ಬರಲ್ಲ. ಕುರ್ಚಿ ಮೇಲೆ ಕೂತು ಬಲಗೈ ಕಿಟಕಿಯಿಂದ ಹೊರಗೆ ಚಾಚಿದ ಹಾಗೆ ಮಾಡಿ ನೋಡು. ಎಲ್ಲ ಸನ್ನೆಯೂ ಬಲಗೈಯಲ್ಲೇ, ಯಾಕಂದ್ರೆ ಸ್ಟಿಯರಿಂಗ್ ಬಲಗಡೆ ಇದೆ, ಎಡಗೈ ಹೊರಗಿನವರಿಗೆ ಕಾಣಲ್ಲ.

ಕೈ ನೇರ ಅಡ್ಡ ಚಾಚಿ ಅಂಗೈ ಮುಂದಕ್ಕೆ ಮಾಡಿದರೆ ಬಲಕ್ಕೆ ತಿರುಗ್ತೀನಿ ಅಂತ. ಅದೇ ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಎಡಕ್ಕೆ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡ್ತಿದ್ದೀನಿ. ಮುಂಗೈ ಮೇಲಕ್ಕೆ ನೆಟ್ಟಗೆ ಎತ್ತಿದರೆ ನಿಲ್ಲಿಸ್ತಿದ್ದೀನಿ. ಹಿಂದಿನಿಂದ ಮುಂದಕ್ಕೆ ಅರ್ಧವೃತ್ತದಲ್ಲಿ ಬೀಸಿದರೆ ನೀನು ಮುಂದೆ ಹೋಗಪ್ಪಾ ಅಂತ. ಐದೇ ಐದು. ಬೆಳಿಗ್ಗೆ ಸಂಜೆ ಹತ್ತು ಸಲ ಮಾಡಿದರೆ ಮೈಗೆ ಹತ್ತುತ್ತೆ.

ದೀಪದಲ್ಲೂ ಒಂದು ಗೊಂದಲ ಇದೆ. ಸುಮ್ಮನೆ ಉರಿಯುವ ಹಳದಿಗೂ ಮಿನುಗುವ ಹಳದಿಗೂ ವ್ಯತ್ಯಾಸ ಇದೆ. ಹಸಿರಾದ ಮೇಲೆ ಹಳದಿ ಬಂದರೆ ಗೆರೆಗಿಂತ ಮುಂಚೆ ನಿಲ್ಲಬೇಕು. ಮಿನುಗುವ ಹಳದಿಗೆ ನಿಲ್ಲಬೇಕಿಲ್ಲ, ನಿಧಾನ ಮಾಡಿ ಎಚ್ಚರಿಕೆಯಿಂದ ಮುಂದೆ ಹೋಗಬೇಕು. ಮಿನುಗುವ ಕೆಂಪಿಗೆ ಪೂರ್ತಿ ನಿಂತು, ನೋಡಿ, ಆಮೇಲೆ ಹೊರಡಬೇಕು. ಉತ್ತರ ಒತ್ತುವ ಮುಂಚೆ "ಮಿನುಗುವ" ಅನ್ನುವ ಪದ ಇದೆಯಾ ಅಂತ ಪ್ರಶ್ನೆಯನ್ನು ಇನ್ನೊಂದು ಸಲ ಓದು.

ಜಗಳೂರು ಕಡೆಯವ

ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಗೇಟು ಇಂಜಿನ್ ನಾನೂ ಉಲ್ಟಾನೇ ಓದಿದ್ದೆ. ಅಪಘಾತದ ಪ್ರಶ್ನೆಗಳಿಗೆ ಯಾವ ಉತ್ತರ ಸರಿ? ಮತ್ತೆ ಕಾವಲಿಲ್ಲದ ಗೇಟಿನಲ್ಲಿ "ಹಾರ್ನ್ ಮಾಡಿ ದಾಟುವುದು" ಯಾಕೆ ತಪ್ಪು?

ದುರ್ಗದ ಗೇರ್ ಮೇಷ್ಟ್ರು

ಕಾವಲಿಲ್ಲದ ಗೇಟಿನಲ್ಲಿ ನಿಮ್ಮ ಹಾರ್ನ್ ಕೇಳಿ ರೈಲು ನಿಲ್ಲಲ್ಲ, ಅದಕ್ಕೇ ತಪ್ಪು. ಗಾಡಿ ನಿಲ್ಲಿಸಬೇಕು, ಜೊತೆಗೆ ಕಂಡಕ್ಟರೋ ಕ್ಲೀನರೋ ಇದ್ದರೆ ಅವರು ಇಳಿದು ಹಳಿವರೆಗೆ ಹೋಗಿ ಎರಡೂ ಕಡೆ ನೋಡಬೇಕು. ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳುವುದು ಇದನ್ನೇ.

ಅಪಘಾತಕ್ಕೆ 134ನೇ ಸೆಕ್ಷನ್. ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ಮಾಡುವುದು ಮೊದಲ ಕೆಲಸ, ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. ಪೊಲೀಸರಿಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. "ಮೊದಲು ಠಾಣೆಗೆ ಹೋಗಿ ವರದಿ ಮಾಡುವುದು" ಅನ್ನುವ ಉತ್ತರ ಗಂಭೀರವಾಗಿ ಕಾಣುತ್ತೆ, ಅದನ್ನು ಒತ್ತಬೇಡಿ. ಆಸ್ಪತ್ರೆಯೂ ಇದ್ದು 24 ಗಂಟೆಯೂ ಇರುವ ಉತ್ತರ ಹುಡುಕಿ.

ದಾಖಲೆ ಪ್ರಶ್ನೆ ಖಂಡಿತ ನೋಡ್ಕೊಳ್ಳಿ: ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು, ಹೊಗೆ ತಪಾಸಣೆ ಸರ್ಟಿಫಿಕೇಟು. ಎಲ್‌ಎಲ್ ಇರುವುದು 6 ತಿಂಗಳು. ರಕ್ತದಲ್ಲಿ ಮದ್ಯದ ಮಿತಿ 100 ಮಿ.ಲೀ.ಗೆ 30 ಮಿ.ಗ್ರಾಂ. ಈ ಅಂಕಿಗಳು ಬಾಯಿಪಾಠವೇ ಆಗಬೇಕು, ಯೋಚನೆ ಮಾಡಿ ಹೇಳುವಂಥದ್ದಲ್ಲ.

ಪಿಬಿ ರಸ್ತೆ

ಆನ್‌ಲೈನ್ ಬಗ್ಗೆ ಯಾರೂ ಹೇಳಲಿಲ್ಲ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಆಧಾರ್ ಮೂಲಕ ಹೋದರೆ ಮನೆಯಲ್ಲೇ ಟೆಸ್ಟ್ ಬರೆಯಬಹುದು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮ ಕೈಯಲ್ಲೇ ಇರಬೇಕು, ಒಟಿಪಿ ಅದಕ್ಕೇ ಬರುತ್ತೆ. ಹೆಸರು, ವಿಳಾಸ ಆಧಾರ್‌ನಿಂದಲೇ ಇಳಿಯುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಲೈಸೆನ್ಸ್ ಬಂದ ಮೇಲೆ ಹೆಸರು ತಿದ್ದಿಸುವುದು ಇನ್ನೊಂದು ಸುತ್ತು ಓಡಾಟ.

ಟೆಸ್ಟಿಗೆ ಮುಂಚೆ ರಸ್ತೆ ಸುರಕ್ಷತೆಯ ವಿಡಿಯೊ ಇರುತ್ತೆ, ಅದನ್ನು ಪೂರ್ತಿ ನೋಡಬೇಕು. ಟೆಸ್ಟಿನ ಹೊತ್ತಿಗೆ ಕ್ಯಾಮೆರಾ ಮುಖ ನೋಡುತ್ತಿರುತ್ತೆ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತೆ. ಪಕ್ಕದಲ್ಲಿ ಯಾರೂ ಬಗ್ಗಿ ನೋಡುವ ಹಾಗಿರಬಾರದು. ಬೇರೆ ಟ್ಯಾಬ್ ತೆರೆಯಬೇಡಿ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಪ್ರತಿ ಪ್ರಶ್ನೆಗೂ ಸೆಕೆಂಡುಗಳ ಲೆಕ್ಕ ಇರುತ್ತೆ, ಹಿಂದಕ್ಕೆ ಹೋಗಿ ತಿದ್ದುವ ಯೋಚನೆ ಇಟ್ಟುಕೊಳ್ಳಬೇಡಿ.

ಇಂಟರ್‌ನೆಟ್ ನಡುವೆ ಹೋಗುವ ಊರಾದರೆ ಆಫೀಸಿಗೇ ಹೋಗಿ ಬರೆಯಿರಿ ಅನ್ನೋದು ನನ್ನ ಅಭಿಪ್ರಾಯ. ಶುಲ್ಕ ಒಂದು ಕ್ಲಾಸಿಗೆ (ಅಂದರೆ ಒಂದು ಬಗೆಯ ವಾಹನಕ್ಕೆ) 150 ರೂಪಾಯಿ, ಟೆಸ್ಟಿಗೆ 50. ಫೇಲಾದರೆ ಮರು ಟೆಸ್ಟಿಗೆ ಮತ್ತೆ 50, ಹೊಸ ಅರ್ಜಿ ಬೇಕಿಲ್ಲ. ಬೈಕಿಗೆ ಗೇರ್ ಇರುವ ಕ್ಲಾಸನ್ನೇ ಆರಿಸಿ, ಸ್ಕೂಟರ್ ಅದರಲ್ಲೇ ಬರುತ್ತೆ. ಎಲ್‌ಎಲ್ ಸಿಕ್ಕ 30 ದಿನದ ಮೇಲೆ, 6 ತಿಂಗಳು ಮುಗಿಯುವುದರೊಳಗೆ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್ ಕೊಡಬೇಕು.

ಜಗಳೂರು ಕಡೆಯವ

ಸರ್, ಕೊನೆಯದೊಂದು. ನನ್ನ ತಮ್ಮನಿಗೆ 16 ತುಂಬಿದೆ. ಗೇರಿಲ್ಲದ ಗಾಡಿಗೆ ಅವನಿಗೂ ಎಲ್‌ಎಲ್ ಸಿಗುತ್ತಲ್ವಾ? ಮನೆಯಲ್ಲಿ ಆಕ್ಟಿವಾ ಇದೆ.

ಹೊಳಲ್ಕೆರೆ ಅಕ್ಕ

ಎಲ್‌ಎಲ್ ಸಿಗುತ್ತೆ, ಆದರೆ ಆಕ್ಟಿವಾ ಓಡಿಸೋಕೆ ಬರಲ್ಲ. 16ಕ್ಕೆ ಅನುಮತಿ ಇರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಆಕ್ಟಿವಾ 110 ಸಿಸಿ, ಹೊಲಕ್ಕೆ ಓಡಿಸುವ ಟಿವಿಎಸ್ ಎಕ್ಸ್‌ಎಲ್ ಕೂಡ 100ರ ಹತ್ತಿರ. ಗೇರ್ ಇಲ್ಲ ಅಂತ ಕೊಟ್ಟು ಕಳಿಸಬೇಡಿ. ಅಪ್ರಾಪ್ತರು ಓಡಿಸಿ ಸಿಕ್ಕರೆ 199ಎ ಸೆಕ್ಷನ್ ಪ್ರಕಾರ ಹೊಣೆ ತಂದೆ ತಾಯಿ ಅಥವಾ ಗಾಡಿ ಮಾಲೀಕರ ಮೇಲೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ ಕೂಡ ಸಿಗಲ್ಲ. ಇನ್ನೆರಡು ವರ್ಷ ಸೈಕಲ್ ತುಳಿಯಲಿ, 18 ಆದ ದಿನ ನಿನ್ನ ಚಿಹ್ನೆ ಬರೆದ ಹಾಳೆಗಳನ್ನೇ ಅವನಿಗೆ ಕೊಡು.